ಸಾರ್ವಜನಿಕ ಸುರಕ್ಷತೆಯ ರೇಡಿಯೊ ಜಾಲ: ಸ್ಥಳೀಯ ಆಡಳಿತದ ಯೋಜನಾ ಅಧಿಕಾರಿಗಳಿಗೊಂದು ಸಮಗ್ರ ಮಾರ್ಗದರ್ಶಿ

ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮತ್ತು ವಿಪತ್ತು ನಿರ್ವಹಣಾ ಸಿಬ್ಬಂದಿ ಬಳಸುವ ರೇಡಿಯೊ ಜಾಲವನ್ನು ಪೂರ್ತಿಯಾಗಿ ಬದಲಾಯಿಸುವ ಕೆಲಸ ಒಬ್ಬ ಅಧಿಕಾರಿಯ ಸೇವಾವಧಿಯಲ್ಲಿ ಒಂದೆರಡು ಸಲ ಬಂದರೆ ಹೆಚ್ಚು. ಜಾಲವೊಂದು ಹತ್ತು ಹದಿನೈದು ವರ್ಷ ದುಡಿಯುವುದರಿಂದ, ಹೊಸದನ್ನು ಕೊಳ್ಳುವ ಹೊತ್ತಿಗೆ ಹಳೆಯದನ್ನು ಕೊಂಡವರು ನಿವೃತ್ತರಾಗಿರುತ್ತಾರೆ, ಕಡತಗಳಲ್ಲಿ ಬಿಲ್ಲುಗಳು ಉಳಿದಿರುತ್ತವೆ, ಕಾರಣಗಳು ಉಳಿದಿರುವುದಿಲ್ಲ. ಈ ಮಾರ್ಗದರ್ಶಿಯನ್ನು ಮೊದಲ ಬಾರಿಗೆ ಇಂಥ ಯೋಜನೆಯ ಹೊಣೆ ಹೊತ್ತವರಿಗಾಗಿ ಬರೆಯಲಾಗಿದೆ. ಇದರ ಹಂತಗಳೆಲ್ಲ ಒಂದೇ ತಿಳಿವಳಿಕೆಯ ಮೇಲೆ ನಿಂತಿವೆ: ಅಳೆದು ನೋಡಲು ಬರುವಂತೆ ಒಪ್ಪಂದದಲ್ಲಿ ಬರೆದದ್ದು ಕೈಗೆ ಸಿಗುತ್ತದೆ, ‘ಉತ್ತಮ ಗುಣಮಟ್ಟ’, ‘ಸಂಪೂರ್ಣ ವ್ಯಾಪ್ತಿ’ ಎಂದು ಬರೆದದ್ದು ಸಿಗುವುದಿಲ್ಲ.

ಹಂತ 1: ಯೋಜನೆಯ ಒಡೆತನವನ್ನು ನಿರ್ಧರಿಸಿ

ಹಣ ಮಂಜೂರು ಮಾಡುವವರು ಒಬ್ಬರು, ಟೆಂಡರು ಕರೆಯುವವರು ಇನ್ನೊಬ್ಬರು, ಸೆಟ್ಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊಗೆಯೊಳಗೆ ನುಗ್ಗುವವರು ಮತ್ತೊಬ್ಬರು. ಈ ಮೂವರೂ ಒಂದೇ ಮೇಜಿನ ಸುತ್ತ ಕೂರದಿದ್ದರೆ ಯೋಜನೆ ಖರೀದಿ ವಿಭಾಗದ ಯೋಜನೆಯಾಗಿ ಮುಗಿಯುತ್ತದೆ. ಆದ್ದರಿಂದ ಮೊದಲು ಎರಡು ಗುಂಪುಗಳನ್ನು ರಚಿಸಬೇಕು. ಒಂದು, ಹಣ ಮತ್ತು ನೀತಿಯ ತೀರ್ಮಾನ ತೆಗೆದುಕೊಳ್ಳುವ ಸಣ್ಣ ಮೇಲ್ವಿಚಾರಣಾ ಸಮಿತಿ. ಇನ್ನೊಂದು, ಪ್ರತಿ ಇಲಾಖೆಯಿಂದ ಪಾಳಿಯಲ್ಲಿ ದುಡಿಯುವ ಸಿಬ್ಬಂದಿ, ಕಂಟ್ರೋಲ್ ರೂಮಿನ ಆಪರೇಟರುಗಳು ಮತ್ತು ಈಗಿನ ಜಾಲವನ್ನು ರಿಪೇರಿ ಮಾಡುವ ತಂತ್ರಜ್ಞರು ಇರುವ ಬಳಕೆದಾರರ ಗುಂಪು. ಕಂಟ್ರೋಲ್ ರೂಮಿನವರನ್ನು ಕರೆಯಲು ಮರೆಯುವುದು ಸಾಮಾನ್ಯ. ಆದರೆ ಜಾಲದ ಎಲ್ಲ ದೌರ್ಬಲ್ಯಗಳೂ ದಿನವಿಡೀ ಅವರ ಕಿವಿಗೆ ಬೀಳುತ್ತಿರುತ್ತವೆ.

ಯೋಜನಾ ವ್ಯವಸ್ಥಾಪಕರು ರೇಡಿಯೊ ಎಂಜಿನಿಯರ್ ಆಗಿರಲೇಬೇಕಿಲ್ಲ. ಆಗಿರದಿದ್ದರೆ, ಉಪಕರಣ ಮಾರುವ ಯಾವ ಕಂಪನಿಯೊಂದಿಗೂ ನಂಟಿಲ್ಲದ ಸಲಹೆಗಾರರೊಬ್ಬರನ್ನು ಆರಂಭದಿಂದ ಅಂಗೀಕಾರ ಪರೀಕ್ಷೆಯವರೆಗೂ ಉಳಿಸಿಕೊಳ್ಳಬೇಕು. ಟೆಂಡರು ಬರೆಯುವವರೆಗೆ ಸಲಹೆಗಾರರನ್ನು ಇಟ್ಟುಕೊಂಡು, ಪರೀಕ್ಷೆಯ ಹೊತ್ತಿಗೆ ಹಣವಿಲ್ಲವೆಂದು ಕಳುಹಿಸಿಬಿಡುವುದು ಉಳಿತಾಯವೆನಿಸಿದರೂ ಉಳಿತಾಯವಲ್ಲ.

ಹಂತ 2: ಇರುವ ಜಾಲವನ್ನು ಅರಿತುಕೊಳ್ಳಿ

ಹೊಸದರ ಮಾತಿಗೆ ಮೊದಲು ಹಳೆಯದರ ಲೆಕ್ಕ ಸಿದ್ಧವಾಗಬೇಕು. ಪ್ರತಿ ಟವರ್ ಯಾರ ಜಾಗದಲ್ಲಿದೆ, ಗುತ್ತಿಗೆ ಎಂದು ಮುಗಿಯುತ್ತದೆ, ಇನ್ನಷ್ಟು ಆಂಟೆನಾಗಳ ಭಾರ ಮತ್ತು ಗಾಳಿಯ ಒತ್ತಡವನ್ನು ತಾಳುತ್ತದೆಯೇ, ಯಾವ ಫ್ರೀಕ್ವೆನ್ಸಿಗಳ ಪರವಾನಗಿ ಯಾರ ಹೆಸರಿನಲ್ಲಿದೆ, ಎಷ್ಟು ಹ್ಯಾಂಡ್‌ಸೆಟ್‌ಗಳಿವೆ, ಅವುಗಳಲ್ಲಿ ಎಷ್ಟು ನಿಜಕ್ಕೂ ಬಳಕೆಯಲ್ಲಿವೆ ಎಂಬುದೆಲ್ಲ ಪಟ್ಟಿಯಾಗಬೇಕು. ಕಾಗದದ ಮೇಲಿನ ಸಂಖ್ಯೆಗೂ ಬೀರುವಿನಲ್ಲಿರುವ ಸಂಖ್ಯೆಗೂ ವ್ಯತ್ಯಾಸವಿರುವುದು ಹೆಚ್ಚು. ಸೆಟ್ಟುಗಳನ್ನು ಮಾತ್ರ ಎಣಿಸಿ ಚಾರ್ಜರು, ಹೆಚ್ಚುವರಿ ಬ್ಯಾಟರಿ, ಭುಜದ ಮೈಕುಗಳನ್ನು ಬಿಟ್ಟುಬಿಟ್ಟರೆ ಬಜೆಟ್ಟಿನಲ್ಲಿ ತೂತು ಬೀಳುವುದು ಅಲ್ಲಿಂದಲೇ.

ಇದರ ಜೊತೆಗೆ ದೂರುಗಳನ್ನು ನಕ್ಷೆಯ ಮೇಲೆ ಗುರುತು ಹಾಕಬೇಕು. ‘ಆ ಕಡೆ ಸಿಗ್ನಲ್ ಬರುವುದಿಲ್ಲ’ ಎಂಬ ಮಾತನ್ನು ಹಾಗೆಯೇ ಬರೆದುಕೊಂಡರೆ ಉಪಯೋಗವಿಲ್ಲ. ಯಾವ ರಸ್ತೆ, ಯಾವ ಕಟ್ಟಡ, ಯಾವ ಮಹಡಿ, ವಾಹನದ ಸೆಟ್ಟೋ ಕೈಯಲ್ಲಿನದೋ, ಕೇಳಿಸುತ್ತಿರಲಿಲ್ಲವೋ ಅಥವಾ ಹೇಳಿದ್ದು ಆ ಕಡೆ ತಲುಪುತ್ತಿರಲಿಲ್ಲವೋ ಎಂಬುದನ್ನೂ ಕೇಳಬೇಕು. ಕೊನೆಯ ಪ್ರಶ್ನೆ ತೀರಾ ಮುಖ್ಯ. ಬೇಸ್ ಸ್ಟೇಷನ್ 100 ವ್ಯಾಟ್‌ನಲ್ಲಿ ಪ್ರಸಾರ ಮಾಡುತ್ತಿದ್ದರೆ ಹ್ಯಾಂಡ್‌ಸೆಟ್ 5 ವ್ಯಾಟ್ ಅಥವಾ ಅದಕ್ಕಿಂತ ಕಡಿಮೆ ಶಕ್ತಿಯಲ್ಲಿ ಉತ್ತರಿಸುತ್ತದೆ. 100ಕ್ಕೆ 5 ಎಂದರೆ 13 ಡೆಸಿಬೆಲ್ (ಶಕ್ತಿಯ ಅನುಪಾತವನ್ನು ಹೇಳುವ ಅಳತೆ) ಅಂತರ. ಹೀಗಾಗಿ ಕಂಟ್ರೋಲ್ ರೂಮಿನ ದನಿ ಸಿಬ್ಬಂದಿಗೆ ಸ್ಪಷ್ಟವಾಗಿ ಕೇಳುತ್ತಿದ್ದು, ಅವರ ದನಿ ಮಾತ್ರ ಇತ್ತ ತಲುಪದ ಜಾಗಗಳು ಪ್ರತಿ ಜಾಲದಲ್ಲೂ ಇರುತ್ತವೆ. ಬೇಸ್ ಸ್ಟೇಷನ್ನಿನ ಶಕ್ತಿ ಹೆಚ್ಚಿಸಿದರೆ ಈ ತೊಂದರೆ ಬಗೆಹರಿಯುವುದಿಲ್ಲ. ಅಲ್ಲಿ ಬೇಕಾಗಿರುವುದು ಹೆಚ್ಚು ರಿಸೀವರ್ ಸೈಟುಗಳು (ಸಿಗ್ನಲ್ಲು ಹಿಡಿಯುವ ಕೇಂದ್ರಗಳು) ಅಥವಾ ಟವರ್ ಮೇಲೇ ಕೂರುವ ಆಂಪ್ಲಿಫೈಯರು.

ಹಂತ 3: ಅಗತ್ಯಗಳನ್ನು ಅಂಕಿಗಳಲ್ಲಿ ಬರೆಯಿರಿ

ಇಡೀ ಯೋಜನೆಯ ಹಣೆಬರಹ ಇಲ್ಲಿ ತೀರ್ಮಾನವಾಗುತ್ತದೆ. ಆದ್ದರಿಂದ ಈ ಹಂತಕ್ಕೆ ಆತುರಪಡದೆ ಸಮಯ ಕೊಡಬೇಕು. ಅಗತ್ಯಗಳಲ್ಲಿ ಎರಡು ದೊಡ್ಡವು: ವ್ಯಾಪ್ತಿ ಮತ್ತು ಸಾಮರ್ಥ್ಯ.

ವ್ಯಾಪ್ತಿಯನ್ನು ನಾಲ್ಕು ಸಂಗತಿಗಳಿಲ್ಲದೆ ಹೇಳಿದರೆ ಅದಕ್ಕೆ ಅರ್ಥವಿಲ್ಲ. ಮೊದಲನೆಯದು ಮಾತಿನ ಗುಣಮಟ್ಟ. ಇದಕ್ಕೆ ವೃತ್ತಿಯಲ್ಲಿ ಬಳಸುವುದು ಡಿಎಕ್ಯೂ (ಕಿವಿಗೆ ತಲುಪುವ ಮಾತಿನ ಗುಣಮಟ್ಟ) ಎಂಬ 1ರಿಂದ 5ರವರೆಗಿನ ಮಾಪಕ. 3.0 ಎಂದರೆ ಸ್ವಲ್ಪ ಶ್ರಮಪಟ್ಟರೆ ಮಾತು ಅರ್ಥವಾಗುತ್ತದೆ, ಆಗಾಗ ಮತ್ತೊಮ್ಮೆ ಹೇಳಿಸಿಕೊಳ್ಳಬೇಕಾಗುತ್ತದೆ. 3.4 ಎಂದರೆ ಮತ್ತೆ ಹೇಳಿಸುವ ಪ್ರಸಂಗ ಅಪರೂಪ. ಸಾರ್ವಜನಿಕ ಸುರಕ್ಷತೆಯ ಜಾಲಗಳಿಗೆ ಸಾಮಾನ್ಯವಾಗಿ 3.4 ಅನ್ನೇ ಕನಿಷ್ಠವಾಗಿ ಇಟ್ಟುಕೊಳ್ಳುತ್ತಾರೆ. ಎರಡನೆಯದು ಪ್ರದೇಶದ ಶೇಕಡಾವಾರು. ಶೇ 95 ಎಂಬುದು ರೂಢಿಯಲ್ಲಿರುವ ಅಂಕಿ. ಮೂರನೆಯದು ಸೆಟ್ಟು ಎಲ್ಲಿದೆ ಎಂಬುದು: ವಾಹನದ ಮೇಲಿನ ಆಂಟೆನಾವೇ, ತಲೆಯ ಮಟ್ಟದಲ್ಲಿ ಹಿಡಿದ ಹ್ಯಾಂಡ್‌ಸೆಟ್ಟೇ, ಅಥವಾ ಬೆಲ್ಟಿಗೆ ಸಿಕ್ಕಿಸಿ ಭುಜದ ಮೈಕಿನಲ್ಲಿ ಮಾತಾಡುವುದೇ. ಬೆಲ್ಟಿನಲ್ಲಿದ್ದಾಗ ದೇಹವೇ ಸಿಗ್ನಲ್ಲನ್ನು ನುಂಗುವುದರಿಂದ ಗಣನೀಯ ನಷ್ಟವಾಗುತ್ತದೆ. ಸಿಬ್ಬಂದಿ ನಿಜವಾಗಿ ಹೇಗೆ ಬಳಸುತ್ತಾರೋ ಆ ಸ್ಥಿತಿಯನ್ನೇ ಬರೆಯಬೇಕು. ನಾಲ್ಕನೆಯದು ಗೋಡೆಗಳ ನಷ್ಟ. ಬಯಲಿನಲ್ಲಿ ಸಿಗುವ ಸಿಗ್ನಲ್ಲು ಮನೆಯೊಳಗೆ ಹೋದಾಗ ಎಷ್ಟು ಕುಗ್ಗುತ್ತದೆ, ಕಾಂಕ್ರೀಟಿನ ವಾಣಿಜ್ಯ ಕಟ್ಟಡದಲ್ಲಿ ಎಷ್ಟು ಎಂಬುದಕ್ಕೆ ಬೇರೆ ಬೇರೆ ವಲಯಗಳಲ್ಲಿ 6, 12, 18, 24 ಡೆಸಿಬೆಲ್ ಎಂಬಂಥ ಮೊತ್ತಗಳನ್ನು ನಿಗದಿಪಡಿಸುತ್ತಾರೆ. 10 ಡೆಸಿಬೆಲ್ ಎಂದರೆ ಶಕ್ತಿ ಹತ್ತನೇ ಒಂದಕ್ಕೆ, 20 ಎಂದರೆ ನೂರನೇ ಒಂದಕ್ಕೆ ಇಳಿದಂತೆ. ಹಾಗಾಗಿ ಈ ಅಂಕಿಯನ್ನು ಏರಿಸಿದಂತೆಲ್ಲ ಸೈಟುಗಳ ಸಂಖ್ಯೆಯೂ ಖರ್ಚೂ ಏರುತ್ತವೆ. ಎಲ್ಲೆಡೆ 24 ಡೆಸಿಬೆಲ್ ಕೇಳುವುದು ಸುಲಭ, ಕೊಳ್ಳುವುದು ಕಷ್ಟ.

ಶೇ 95 ಎಂಬುದರಲ್ಲೊಂದು ಬಲೆ ಇದೆ. 400 ಚದರ ಕಿಲೋಮೀಟರಿನ ಆಡಳಿತ ಪ್ರದೇಶದಲ್ಲಿ ಉಳಿದ ಶೇ 5 ಎಂದರೆ 20 ಚದರ ಕಿಲೋಮೀಟರ್. ಅಷ್ಟೂ ಜಾಗ ಒಂದೇ ಕಣಿವೆಯಲ್ಲೋ, ಊರಿನ ಅತ್ಯಂತ ದಟ್ಟವಾದ ಬಡಾವಣೆಯಲ್ಲೋ ಬಂದು ಕೂತರೂ ಗುತ್ತಿಗೆದಾರರು ಒಪ್ಪಂದವನ್ನು ಪಾಲಿಸಿದಂತೆಯೇ. ಇದನ್ನು ತಪ್ಪಿಸಲು ಪ್ರದೇಶವನ್ನು ವಲಯಗಳಾಗಿ ಒಡೆದು, ಪ್ರತಿ ವಲಯವೂ ತನ್ನಷ್ಟಕ್ಕೆ ಶೇ 95 ಮುಟ್ಟಬೇಕೆಂದು ಬರೆಯಬೇಕು. ಅದಲ್ಲದೆ ಆಸ್ಪತ್ರೆ, ಶಾಲೆ, ಸುರಂಗ, ಬಸ್ ನಿಲ್ದಾಣ, ಎತ್ತರದ ವಸತಿ ಸಂಕೀರ್ಣ, ಪೊಲೀಸ್ ಬಂದೀಖಾನೆ ಮುಂತಾದ ಕಟ್ಟಡಗಳನ್ನು ಹೆಸರಿಸಿ ಪಟ್ಟಿ ಮಾಡಿ, ಅವುಗಳ ನೆಲಮಾಳಿಗೆ ಮತ್ತು ಮೆಟ್ಟಿಲಸಾಲುಗಳಲ್ಲಿ ಪ್ರತ್ಯೇಕ ಪರೀಕ್ಷೆ ಬೇಕೆಂದು ಸೇರಿಸಬೇಕು. ಹೊರಗಿನ ಟವರಿನಿಂದ ಸಿಗ್ನಲ್ಲು ನುಗ್ಗದ ಕಟ್ಟಡಗಳಿಗೆ ಒಳಾಂಗಣ ಆಂಟೆನಾ ವ್ಯವಸ್ಥೆ ಬೇಕಾಗುತ್ತದೆ. ಅದರ ಖರ್ಚು ಆಡಳಿತದ್ದೋ ಕಟ್ಟಡದ ಮಾಲೀಕರದ್ದೋ ಎಂಬುದು ಕಟ್ಟಡ ನಿಯಮಗಳ ವಿಷಯವಾದ್ದರಿಂದ ನಗರ ಯೋಜನಾ ವಿಭಾಗವನ್ನು ಆಗಲೇ ಮಾತಿಗೆ ಕರೆಯುವುದು ಒಳ್ಳೆಯದು.

ಇನ್ನು ಸಾಮರ್ಥ್ಯ. ಒಂದು ಉದಾಹರಣೆ ತೆಗೆದುಕೊಳ್ಳೋಣ. ದಟ್ಟಣೆಯ ಒಂದು ಗಂಟೆಯಲ್ಲಿ 120 ಸೆಟ್ಟುಗಳು ತಲಾ 3 ಸಲ, ಪ್ರತಿ ಸಲ 5 ಸೆಕೆಂಡು ಮಾತಾಡಿದರೆ ಒಟ್ಟು 1,800 ಸೆಕೆಂಡು, ಅಂದರೆ 0.5 ಅರ್ಲಾಂಗ್ ಸಂಚಾರ (ಒಂದು ಚಾನೆಲ್ಲು ಗಂಟೆಪೂರ್ತಿ ತುಂಬಿದ್ದರೆ 1 ಅರ್ಲಾಂಗ್). ನಾಲ್ಕು ಮಾತಿನ ಚಾನೆಲ್ಲುಗಳಿರುವ ಟ್ರಂಕಿಂಗ್ (ಖಾಲಿಯಿರುವ ಚಾನೆಲ್ಲನ್ನು ಕೇಳಿದವರಿಗೆ ತಾನಾಗಿ ಹಂಚುವ) ಸೈಟಿಗೆ ಇದು ಏನೇನೂ ಅಲ್ಲ. ಆದರೆ ದೊಡ್ಡ ಅಗ್ನಿ ಅನಾಹುತದ ರಾತ್ರಿ ಅದೇ ಸಿಬ್ಬಂದಿ ತಲಾ 12 ಸಲ ಮಾತಾಡುತ್ತಾರೆ ಎಂದುಕೊಂಡರೆ ಸಂಚಾರ 2 ಅರ್ಲಾಂಗಿಗೆ ಏರುತ್ತದೆ. ಆಗ ಸರತಿ ಕಾಯುವ ಜಾಲಗಳಿಗೆ ಬಳಸುವ ಅರ್ಲಾಂಗ್-ಸಿ ಸೂತ್ರದ ಪ್ರಕಾರ ನೂರರಲ್ಲಿ ಸುಮಾರು 17 ಕರೆಗಳು ಚಾನೆಲ್ಲಿಗಾಗಿ ಕಾಯಬೇಕಾಗುತ್ತದೆ. ಚಾನೆಲ್ಲುಗಳನ್ನು ಆರಕ್ಕೇರಿಸಿದರೆ ಕಾಯುವ ಕರೆಗಳು ನೂರರಲ್ಲಿ ಎರಡಕ್ಕಿಂತ ಕೆಳಗಿಳಿಯುತ್ತವೆ. ದಿನನಿತ್ಯದ ಸರಾಸರಿ ನೋಡಿ ಜಾಲ ಕಟ್ಟಿದರೆ ಬೇಕಾದ ದಿನವೇ ಅದು ಕೈಕೊಡುತ್ತದೆ ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ. ಇದಕ್ಕೊಂದು ಮಿತಿಯೂ ಇದೆ. ಒಂದೇ ಟಾಕ್‌ಗ್ರೂಪಿನಲ್ಲಿ (ಪರಸ್ಪರ ಮಾತು ಕೇಳಿಸಿಕೊಳ್ಳುವ ಸೆಟ್ಟುಗಳ ಗುಂಪಿನಲ್ಲಿ) ಒಂದು ಸಲಕ್ಕೆ ಒಬ್ಬರೇ ಮಾತಾಡಲು ಸಾಧ್ಯ. ನಲವತ್ತು ಜನರನ್ನು ಒಂದೇ ಗುಂಪಿಗೆ ತುಂಬಿದ್ದರೆ ಎಷ್ಟು ಚಾನೆಲ್ಲು ಕೊಂಡರೂ ಅವರ ಕಾಯುವಿಕೆ ತಪ್ಪುವುದಿಲ್ಲ.

ಹಂತ 4: ತಂತ್ರಜ್ಞಾನ ಮತ್ತು ತರಂಗಗುಚ್ಛ

ಸಾಮಾನ್ಯವಾಗಿ ಚರ್ಚೆ ಆರಂಭವಾಗುವುದೇ ಇಲ್ಲಿಂದ, ಆದರೆ ಆರಂಭವಾಗಬಾರದು. ಅಗತ್ಯಗಳು ಸ್ಪಷ್ಟವಾದ ಮೇಲೆ ಆಯ್ಕೆ ತಾನಾಗಿ ಕಿರಿದಾಗುತ್ತದೆ. ಉತ್ತರ ಅಮೆರಿಕದಲ್ಲಿ ಬೇರೂರಿರುವ ಪಿ25 ಎಂಬ ಡಿಜಿಟಲ್ ರೇಡಿಯೊ ಮಾನದಂಡದ ಮೊದಲ ಹಂತ 12.5 ಕಿಲೋಹರ್ಟ್ಸ್‌ನಲ್ಲಿ ಒಂದು ಮಾತನ್ನೂ ಎರಡನೇ ಹಂತ ಅಷ್ಟೇ ಜಾಗದಲ್ಲಿ ಎರಡು ಮಾತನ್ನೂ ಸಾಗಿಸುತ್ತದೆ. ಯುರೋಪಿನಲ್ಲಿ ಹುಟ್ಟಿ ಬೇರೆ ಖಂಡಗಳಿಗೂ ಹರಡಿದ ಟೆಟ್ರಾ ಮಾನದಂಡ 25 ಕಿಲೋಹರ್ಟ್ಸ್‌ನಲ್ಲಿ ನಾಲ್ಕು ಕಾಲಖಂಡಗಳನ್ನು, ಅಂದರೆ ನಾಲ್ಕು ಮಾತಿಗೆ ಜಾಗ, ಕೊಡುತ್ತದೆ. ಅದರ ಹ್ಯಾಂಡ್‌ಸೆಟ್ಟುಗಳ ಶಕ್ತಿ ಕಡಿಮೆಯಿರುವುದರಿಂದ ಸೈಟುಗಳು ಹೆಚ್ಚು ಬೇಕಾಗುತ್ತವೆ. ಡಿಎಂಆರ್ ಎಂಬ ಮೂರನೆಯ ಮಾನದಂಡ 12.5 ಕಿಲೋಹರ್ಟ್ಸ್‌ನಲ್ಲಿ ಎರಡು ಮಾತು ಸಾಗಿಸುತ್ತದೆ, ಬೆಲೆಯೂ ಕಡಿಮೆ. ಸಣ್ಣ ಆಡಳಿತಗಳಿಗೆ ಅದು ಸಾಕಾಗುವ ಸಂದರ್ಭಗಳಿವೆ. ನೆರೆಯ ಆಡಳಿತಗಳು ಮತ್ತು ರಾಜ್ಯ ಅಥವಾ ರಾಷ್ಟ್ರ ಮಟ್ಟದ ಜಾಲ ಯಾವ ಮಾನದಂಡದಲ್ಲಿದೆ ಎಂಬುದು ಈ ಎಲ್ಲ ಗುಣವಿಶೇಷಗಳಿಗಿಂತ ದೊಡ್ಡ ಕಾರಣ. ದೊಡ್ಡ ಅನಾಹುತಕ್ಕೆ ನೆರವಿಗೆ ಬರುವವರು ಅವರೇ.

ಮೊಬೈಲ್ ಜಾಲದ ಮೇಲೆ ನಡೆಯುವ ಪುಶ್-ಟು-ಟಾಕ್ (ಗುಂಡಿ ಒತ್ತಿ ಮಾತಾಡುವ) ಸೇವೆಗಳ ಬಗ್ಗೆ ಪ್ರಶ್ನೆ ಬಂದೇ ಬರುತ್ತದೆ. ತುರ್ತು ಸೇವೆಗಳಿಗೆಂದೇ ರೂಪಿಸಿದ ಪುಶ್-ಟು-ಟಾಕ್ ಅನ್ನು ಮೊಬೈಲ್ ಜಾಲಗಳ ಮಾನದಂಡ ರೂಪಿಸುವ ಸಂಸ್ಥೆಯಾದ 3ಜಿಪಿಪಿ ತನ್ನ 13ನೇ ಆವೃತ್ತಿಯಲ್ಲಿ, 2016ರಲ್ಲಿ, ಮಾನದಂಡವಾಗಿಸಿತು. ದತ್ತಾಂಶ, ಚಿತ್ರ, ಸ್ಥಳ ಮಾಹಿತಿಗೆ ಅದು ನಿಸ್ಸಂಶಯವಾಗಿ ಮೇಲು. ಆದರೆ ಬ್ರಿಟನ್ ತನ್ನ ಏರ್‌ವೇವ್ ಎಂಬ ಟೆಟ್ರಾ ಜಾಲವನ್ನು 2019ರ ಕೊನೆಗೆ ಮುಚ್ಚಿ ಮೊಬೈಲ್ ಆಧಾರಿತ ಜಾಲಕ್ಕೆ ಹೋಗುವ ಯೋಜನೆಯ ಒಪ್ಪಂದಗಳನ್ನು 2015ರಲ್ಲಿ ಮಾಡಿಕೊಂಡಿತ್ತು, ಆ ಗಡುವು ದಾಟಿ ವರ್ಷಗಳಾದರೂ ಹಳೆಯ ಜಾಲವನ್ನೇ ನಡೆಸಬೇಕಾಗಿ ಬಂತು. ಟವರಿನ ನೆರವಿಲ್ಲದೆ ಸೆಟ್ಟಿನಿಂದ ಸೆಟ್ಟಿಗೆ ನೇರವಾಗಿ ಮಾತಾಡುವ ಸೌಲಭ್ಯ ಅಗ್ನಿಶಾಮಕರಿಗೆ ಜೀವನಾಡಿ. ಅದನ್ನು ಸಮನಾಗಿ ಕೊಡುವ ಬದಲಿ ಸಿಗುವವರೆಗೆ ಮೊಬೈಲ್ ಸೇವೆಯನ್ನು ಪೂರಕವಾಗಿ ಇಟ್ಟುಕೊಳ್ಳುವುದೇ ಸರಿ ಎಂಬುದು ನನ್ನ ಅಭಿಪ್ರಾಯ.

ಡಿಜಿಟಲ್‌ಗೆ ಬರುವವರು ಎರಡು ಸಂಗತಿಗಳಿಗೆ ಸಿದ್ಧರಾಗಿರಬೇಕು. ಅನಲಾಗ್‌ನಲ್ಲಿ ದೂರ ಹೋದಂತೆ ಗೊರಗೊರ ಸದ್ದು ಹೆಚ್ಚುತ್ತಾ ಹೋಗಿ ಬಳಕೆದಾರರಿಗೆ ಮುನ್ಸೂಚನೆ ಸಿಗುತ್ತದೆ. ಡಿಜಿಟಲ್‌ನಲ್ಲಿ ಮಾತು ಕೊನೆಯವರೆಗೂ ಶುಭ್ರವಾಗಿದ್ದು ಒಮ್ಮೆಲೇ ಕಡಿದುಹೋಗುತ್ತದೆ. ಎರಡನೆಯದಾಗಿ, ಮಾತನ್ನು ಅಂಕಿಗಳಿಗೆ ಇಳಿಸುವ ವೊಕೋಡರ್ ಮನುಷ್ಯರ ದನಿಗೆಂದು ರೂಪುಗೊಂಡದ್ದು. ಗರಗಸ, ಪಂಪು, ಎಚ್ಚರಿಕೆಯ ಸೈರನ್ ಹತ್ತಿರದಲ್ಲಿದ್ದರೆ ಅದು ದನಿಯನ್ನೇ ಕಲಸಿಬಿಡಬಹುದು. ಸೆಟ್ಟುಗಳನ್ನು ಆಯ್ಕೆ ಮಾಡುವಾಗ ಹವಾನಿಯಂತ್ರಿತ ಸಭಾಂಗಣದ ಪ್ರಾತ್ಯಕ್ಷಿಕೆಯನ್ನು ನಂಬದೆ, ಪಂಪು ಚಾಲೂ ಮಾಡಿ, ಮುಖಕ್ಕೆ ಉಸಿರಾಟದ ಮುಸುಕು ಹಾಕಿಕೊಂಡು ಮಾತಾಡಿಸಿ ನೋಡಬೇಕು.

ತರಂಗಗುಚ್ಛದ ಪರವಾನಗಿಗೆ ಅರ್ಜಿ ಸಲ್ಲಿಸುವುದನ್ನು ಟೆಂಡರಿನ ನಂತರಕ್ಕೆ ತಳ್ಳಬಾರದು. ಬೇಕಾದಷ್ಟು ಫ್ರೀಕ್ವೆನ್ಸಿ ಸಿಗದಿದ್ದರೆ ವಿನ್ಯಾಸವೇ ಬದಲಾಗುತ್ತದೆ. ನಿಯಂತ್ರಕರ ಮುಂದಿನ ನಡೆಯನ್ನೂ ಕೇಳಿ ತಿಳಿದಿರಬೇಕು. ಅಮೆರಿಕದಲ್ಲಿ 2013ರ ಜನವರಿ 1ರೊಳಗೆ 512 ಮೆಗಾಹರ್ಟ್ಸ್‌ಗಿಂತ ಕೆಳಗಿನ ನಿಗದಿತ ಚಾನೆಲ್ಲುಗಳನ್ನು 25ರಿಂದ 12.5 ಕಿಲೋಹರ್ಟ್ಸ್‌ಗೆ ಕಿರಿದಾಗಿಸಬೇಕೆಂಬ ಆದೇಶದಿಂದ, ಚೆನ್ನಾಗಿಯೇ ನಡೆಯುತ್ತಿದ್ದ ಹಳೆಯ ಸೆಟ್ಟುಗಳನ್ನೂ ಬದಲಿಸಬೇಕಾಯಿತು.

ಹಂತ 5: ಸೈಟು, ಸಂಪರ್ಕಕೊಂಡಿ, ವಿದ್ಯುತ್

ಜಾಲದ ನಂಬಿಕೆಗೆ ಅರ್ಹತೆ ಸೆಟ್ಟಿನಲ್ಲಿಲ್ಲ, ಟವರಿನ ಬುಡದ ಕೋಣೆಯಲ್ಲಿದೆ. ಬ್ಯಾಟರಿ ಬ್ಯಾಂಕು ಎಷ್ಟು ಗಂಟೆ ತಾಳಬೇಕು, ಜನರೇಟರಿಗೆ ಎಷ್ಟು ದಿನದ ಇಂಧನ ಇರಬೇಕು, ಪ್ರವಾಹ ಬಂದಾಗ ಆ ಇಂಧನದ ಲಾರಿ ಸೈಟಿಗೆ ಯಾವ ದಾರಿಯಲ್ಲಿ ಹೋಗುತ್ತದೆ ಎಂಬ ಮೂರನೆಯ ಪ್ರಶ್ನೆಯನ್ನೂ ಕೇಳಿಯೇ ಸೈಟನ್ನು ಒಪ್ಪಬೇಕು. ಸಿಡಿಲಿನ ರಕ್ಷಣೆಗೆ ಟವರು, ಕೋಣೆ, ವಿದ್ಯುತ್ ಮತ್ತು ಆಂಟೆನಾ ಕೇಬಲ್ಲುಗಳ ಭೂಸಂಪರ್ಕಗಳೆಲ್ಲ ಒಂದಕ್ಕೊಂದು ಜೋಡಿಸಿ ಒಂದೇ ವ್ಯವಸ್ಥೆಯಾಗಿರಬೇಕು. ಬಿಡಿಬಿಡಿಯಾಗಿ ಚೆನ್ನಾಗಿದ್ದರೂ ಪರಸ್ಪರ ಜೋಡಿಸದ ಭೂಸಂಪರ್ಕಗಳ ನಡುವಿನ ವೋಲ್ಟೇಜು ವ್ಯತ್ಯಾಸವೇ ಉಪಕರಣಗಳನ್ನು ಸುಡುತ್ತದೆ.

ಸೈಟುಗಳನ್ನು ಕಂಟ್ರೋಲ್ ರೂಮಿಗೆ ಜೋಡಿಸುವ ಕೊಂಡಿಗಳಿಗೆ ಲಭ್ಯತೆಯ ಅಂಕಿ ಬರೆಯುವಾಗ ಅದನ್ನು ಸಮಯಕ್ಕೆ ತಿರುಗಿಸಿ ನೋಡುವುದು ಒಳ್ಳೆಯ ಅಭ್ಯಾಸ. ಶೇ 99.9 ಎಂದರೆ ವರ್ಷಕ್ಕೆ ಸುಮಾರು 8 ಗಂಟೆ 45 ನಿಮಿಷ ಕಡಿತ, ಶೇ 99.99 ಎಂದರೆ ಸುಮಾರು 53 ನಿಮಿಷ, ಶೇ 99.999 ಎಂದರೆ 5 ನಿಮಿಷಕ್ಕೂ ಸ್ವಲ್ಪ ಹೆಚ್ಚು. ಮೈಕ್ರೋವೇವ್ ಕೊಂಡಿಗಳನ್ನು ಉಂಗುರದಂತೆ ಹೆಣೆದರೆ ಒಂದು ಕಡೆ ಕಡಿದರೂ ಇನ್ನೊಂದು ಕಡೆಯಿಂದ ಸಂಚಾರ ಸಾಗುತ್ತದೆ. ‘ಎರಡು ಪ್ರತ್ಯೇಕ ಮಾರ್ಗ’ ಎಂದು ಹೇಳಿ ಕೊಟ್ಟ ಎರಡು ಫೈಬರುಗಳೂ ಒಂದೇ ಕಾಲುವೆಯಲ್ಲಿ ಹೂತಿವೆಯೇ ಎಂಬುದನ್ನು ಕಾಗದ ನೋಡಿ ನಂಬದೆ ದಾರಿಯುದ್ದಕ್ಕೂ ನಡೆದು ನೋಡಬೇಕು. ಕೊಂಡಿಗಳೆಲ್ಲ ಕಡಿದರೂ ಪ್ರತಿ ಸೈಟು ತನ್ನ ವ್ಯಾಪ್ತಿಯಲ್ಲಿ ಒಂಟಿಯಾಗಿಯಾದರೂ ಕೆಲಸ ಮಾಡಬೇಕು, ಅದನ್ನು ಬೇಡಿಕೆಗಳಲ್ಲಿ ಸೇರಿಸಬೇಕು.

ವೇಳಾಪಟ್ಟಿ ಹಳಿ ತಪ್ಪುವುದೂ ಈ ಹಂತದಲ್ಲೇ. ಉಪಕರಣ ಕೆಲವು ತಿಂಗಳಲ್ಲಿ ಬರುತ್ತದೆ. ಭೂಮಿ, ಪರಿಸರ ಅನುಮತಿ, ವಿಮಾನಯಾನ ಇಲಾಖೆಯ ಎತ್ತರದ ಒಪ್ಪಿಗೆ, ಅಕ್ಕಪಕ್ಕದ ನಿವಾಸಿಗಳ ಆಕ್ಷೇಪ ಇವಕ್ಕೆ ವರ್ಷವೂ ಸಾಲದಿರಬಹುದು.

ಹಂತ 6: ಹಣ

ಮೊದಲ ಖರೀದಿಯ ಮೊತ್ತವನ್ನು ಮಾತ್ರ ಮಂಡಿಸಿ ಒಪ್ಪಿಗೆ ಪಡೆಯುವುದು ಮುಂದಿನವರ ತಲೆಗೆ ಕಟ್ಟುವ ಕೆಲಸ. ಸೈಟುಗಳ ಬಾಡಿಗೆ, ವಿದ್ಯುತ್, ತಂತ್ರಾಂಶದ ನವೀಕರಣ ಶುಲ್ಕ, ಬ್ಯಾಟರಿ ಬದಲಾವಣೆ, ನಿರ್ವಹಣಾ ಒಪ್ಪಂದ ಎಲ್ಲ ಸೇರಿಸಿ ಜಾಲದ ಪೂರ್ತಿ ಆಯುಷ್ಯದ ಖರ್ಚನ್ನು ವರ್ಷವಾರು ತೋರಿಸಬೇಕು, ಅನಿರೀಕ್ಷಿತಕ್ಕೆಂದು ಪ್ರತ್ಯೇಕ ಮೊತ್ತ ತೆಗೆದಿಡಬೇಕು.

ಹಂತ 7: ಟೆಂಡರು ಮತ್ತು ಒಪ್ಪಂದ

ಟೆಂಡರಿನಲ್ಲಿ ಏನು ಆಗಬೇಕೆಂದು ಬರೆಯಬೇಕು, ಯಾವ ಪೆಟ್ಟಿಗೆ ಬೇಕೆಂದು ಬರೆಯಬಾರದು. ಒಂದು ಕಂಪನಿಯ ಕರಪತ್ರದಿಂದ ಎತ್ತಿ ಬರೆದ ಷರತ್ತುಗಳು ಉಳಿದವರನ್ನು ದೂರವಿಡುತ್ತವೆ, ದೂರುಗಳಿಗೂ ಆಸ್ಪದ ಕೊಡುತ್ತವೆ. ಮಾನದಂಡವನ್ನು ಹೆಸರಿಸಿ, ಬೇರೆ ತಯಾರಕರ ಸೆಟ್ಟುಗಳೂ ಈ ಜಾಲದಲ್ಲಿ ಕೆಲಸ ಮಾಡಬೇಕೆಂದು ಕೇಳುವುದು ಮುಂದಿನ ಹದಿನೈದು ವರ್ಷಗಳ ಚೌಕಾಸಿಯ ಶಕ್ತಿಯನ್ನು ಉಳಿಸಿಕೊಂಡಂತೆ. ತಯಾರಕರು ಕೊಡುವ ‘ವಿಶೇಷ ಸೌಲಭ್ಯ’ಗಳಲ್ಲಿ ಮಾನದಂಡದ ಹೊರಗಿನವು ಯಾವುವು ಎಂಬ ಪಟ್ಟಿಯನ್ನು ಅವರಿಂದಲೇ ಲಿಖಿತವಾಗಿ ಪಡೆಯಬೇಕು.

ಹಣ ಪಾವತಿಯನ್ನು ಸಾಮಾನು ಬಂದ ದಿನಕ್ಕೆ ಕಟ್ಟದೆ ಕೆಲಸ ಮುಗಿದ ಹಂತಗಳಿಗೆ ಕಟ್ಟಬೇಕು: ವಿನ್ಯಾಸದ ಒಪ್ಪಿಗೆ, ಕಾರ್ಖಾನೆ ಪರೀಕ್ಷೆ, ಸೈಟಿನ ಸ್ಥಾಪನೆ, ವ್ಯಾಪ್ತಿ ಪರೀಕ್ಷೆ, ಅಂತಿಮ ಅಂಗೀಕಾರ. ಕೊನೆಯ ಕಂತು ಗುತ್ತಿಗೆದಾರರನ್ನು ಸೈಟಿಗೆ ವಾಪಸು ಕರೆತರುವಷ್ಟು ದೊಡ್ಡದಿರಬೇಕು. ವ್ಯಾಪ್ತಿ ಪರೀಕ್ಷೆಯಲ್ಲಿ ಸೋತರೆ ಹೆಚ್ಚುವರಿ ಸೈಟನ್ನು ಯಾರ ಖರ್ಚಿನಲ್ಲಿ ಕಟ್ಟಬೇಕು ಎಂಬ ಒಂದು ವಾಕ್ಯ ಒಪ್ಪಂದದಲ್ಲಿ ಇಲ್ಲದಿದ್ದರೆ, ವ್ಯಾಪ್ತಿಯ ಖಾತರಿ ಎಂಬ ಅಧ್ಯಾಯವೇ ಅಲಂಕಾರಕ್ಕೆ ಬರೆದಂತೆ.

ಹಂತ 8: ವಿವರ ವಿನ್ಯಾಸ, ಟಾಕ್‌ಗ್ರೂಪುಗಳು, ಗೂಢಲಿಪಿ

ಗುತ್ತಿಗೆದಾರರು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತಂದ ವ್ಯಾಪ್ತಿ ನಕ್ಷೆಯನ್ನು ಸ್ವತಂತ್ರ ಸಲಹೆಗಾರರು ತಮ್ಮದೇ ತಂತ್ರಾಂಶದಲ್ಲಿ ಮರುಲೆಕ್ಕ ಹಾಕಬೇಕು. ನಕ್ಷೆಯಲ್ಲಿ ಬಳಸಿದ ಹಿನ್ನೆಲೆ ಸದ್ದಿನ (ವಿದ್ಯುತ್ ಉಪಕರಣಗಳಿಂದ ಹೊಮ್ಮುವ ರೇಡಿಯೊ ಅಡಚಣೆಯ) ಮಟ್ಟ ವಾಸ್ತವದ್ದೇ ಎಂದು ಕೇಳಬೇಕು. ಎಲ್ಇಡಿ ದೀಪಗಳು ಮತ್ತು ಇನ್ವರ್ಟರುಗಳು ಹೆಚ್ಚಿದ ನಗರದಲ್ಲಿ, ಅದರಲ್ಲೂ ವಿಎಚ್ಎಫ್ (30ರಿಂದ 300 ಮೆಗಾಹರ್ಟ್ಸ್) ತರಂಗಗಳಲ್ಲಿ, ಹಳೆಯ ಅಂದಾಜುಗಳು ಉಳಿದಿಲ್ಲ. ಒಂದೇ ಫ್ರೀಕ್ವೆನ್ಸಿಯಲ್ಲಿ ಹಲವು ಸೈಟುಗಳು ಒಟ್ಟಿಗೆ ಪ್ರಸಾರ ಮಾಡುವ ಸೈಮಲ್‌ಕಾಸ್ಟ್ ಜಾಲವಾದರೆ, ಎರಡು ಸೈಟುಗಳ ಸಿಗ್ನಲ್ಲು ಬಲವಾಗಿಯೇ ಇದ್ದರೂ ಬೇರೆ ಬೇರೆ ಹೊತ್ತಿಗೆ ತಲುಪಿ ಮಾತು ಕೆಡುವ ಜಾಗಗಳನ್ನು ಪ್ರತ್ಯೇಕ ನಕ್ಷೆಯಲ್ಲಿ ತೋರಿಸಬೇಕು. ಅಲ್ಲಿ ಸೆಟ್ಟಿನ ಪರದೆಯ ಮೇಲೆ ಸಿಗ್ನಲ್ಲಿನ ಗೆರೆಗಳು ಪೂರ್ತಿ ಇರುತ್ತವೆ, ಮಾತು ಮಾತ್ರ ಬರುವುದಿಲ್ಲ.

ಟಾಕ್‌ಗ್ರೂಪುಗಳ ಪಟ್ಟಿಯನ್ನು ಬಳಕೆದಾರರ ಗುಂಪೇ ಸಿದ್ಧಪಡಿಸಬೇಕು. ಯಾವ ಗುಂಡಿಯ ಯಾವ ಸ್ಥಾನದಲ್ಲಿ ಯಾವ ಗುಂಪು ಬರುತ್ತದೆ ಎಂಬುದು ಸಣ್ಣ ವಿಷಯವೆನಿಸಬಹುದು. ಕತ್ತಲಲ್ಲಿ, ದಪ್ಪ ಕೈಗವಸು ತೊಟ್ಟು, ಗುಂಡಿಯನ್ನು ಎಡಕ್ಕೆ ಕೊನೆಯವರೆಗೆ ತಿರುಗಿಸಿದರೆ ತುರ್ತಿನ ಗುಂಪು ಸಿಗುತ್ತದೆ ಎಂಬ ಏಕರೂಪ ಎಲ್ಲ ಸೆಟ್ಟುಗಳಲ್ಲೂ ಇದ್ದರೆ ನೋಡದೆಯೇ ಅದನ್ನು ಹಿಡಿಯಬಹುದು. ಅಗ್ನಿಸ್ಥಳದ ನೇರ ಸಂಪರ್ಕ ಚಾನೆಲ್ಲುಗಳು, ನೆರೆಯ ಆಡಳಿತಗಳೊಂದಿಗಿನ ಸಾಮಾನ್ಯ ಗುಂಪುಗಳು, ಕಿತ್ತಳೆ ಬಣ್ಣದ ತುರ್ತು ಬಟನ್ ಒತ್ತಿದಾಗ ಕರೆ ಯಾರಿಗೆ ಹೋಗಬೇಕು ಮತ್ತು ಅದನ್ನು ಯಾರು ತೆರವು ಮಾಡಬಹುದು ಎಂಬುದೆಲ್ಲ ಬರಹದಲ್ಲಿ ಇರಬೇಕು. ಬಟನ್ ಒತ್ತಿದರೆ ಯಾರೂ ಉತ್ತರಿಸದ ಗುಂಪಿಗೆ ಕರೆ ಹೋಗುವ ಜಾಲ, ಬಟನ್ ಇಲ್ಲದ ಜಾಲಕ್ಕಿಂತ ಅಪಾಯಕಾರಿ.

ಗೂಢಲಿಪಿಗೆ 256 ಬಿಟ್ ಕೀಲಿ ಬಳಸುವ ಎಇಎಸ್-256 ಇಂದಿನ ಯೋಗ್ಯ ಆಯ್ಕೆ. 2023ರಲ್ಲಿ ನೆದರ್ಲೆಂಡ್ಸಿನ ಸಂಶೋಧಕರು ಟೆಟ್ರಾದ ಟಿಇಎ1 ಎಂಬ ಗೂಢಲಿಪಿಯ 80 ಬಿಟ್ ಕೀಲಿ ಒಳಗೊಳಗೇ 32 ಬಿಟ್‌ಗೆ ಇಳಿಯುತ್ತದೆಂದು ಬಯಲು ಮಾಡಿದರು. ಸಾಮಾನ್ಯ ಕಂಪ್ಯೂಟರಿಗೂ ಅದನ್ನು ಒಡೆಯುವುದು ಕಷ್ಟವಲ್ಲ. ‘ಗೂಢಲಿಪಿ ಇದೆ’ ಎಂಬ ಉತ್ತರಕ್ಕೆ ತೃಪ್ತರಾಗದೆ ಯಾವುದು, ಎಷ್ಟು ಉದ್ದದ ಕೀಲಿ, ಕೀಲಿಯನ್ನು ಯಾರು ಯಾವಾಗ ಬದಲಿಸುತ್ತಾರೆ, ಸೆಟ್ಟು ಕಳೆದರೆ ಅದನ್ನು ದೂರದಿಂದಲೇ ನಿಷ್ಕ್ರಿಯಗೊಳಿಸುವವರು ಯಾರು ಎಂದು ಕೇಳಬೇಕು. ನೆರವಿಗೆ ಬರುವ ನೆರೆಯವರ ಬಳಿ ಕೀಲಿ ಇಲ್ಲದಿದ್ದರೆ ಅವರಿಗೆ ಏನೂ ಕೇಳಿಸುವುದಿಲ್ಲ, ಆದ್ದರಿಂದ ಜಂಟಿ ಗುಂಪುಗಳ ಕೀಲಿ ಹಂಚಿಕೆಯ ಒಪ್ಪಂದ ಮೊದಲೇ ಆಗಿರಬೇಕು.

ಹಂತ 9: ಪರೀಕ್ಷೆ ಮತ್ತು ಅಂಗೀಕಾರ

ಕಾರ್ಖಾನೆಯಲ್ಲಿ ಇಡೀ ವ್ಯವಸ್ಥೆಯನ್ನು ಜೋಡಿಸಿ ನಡೆಸುವ ಪರೀಕ್ಷೆಗೆ ಆಡಳಿತದ ತಂತ್ರಜ್ಞರೂ ಹೋಗಬೇಕು, ವಿದ್ಯುತ್ ತೆಗೆದು, ಕೇಬಲ್ ಕಿತ್ತು, ಜಾಲ ಹೇಗೆ ಚೇತರಿಸಿಕೊಳ್ಳುತ್ತದೆಂದು ನೋಡಬೇಕು. ಆದರೆ ನಿಜವಾದ ಪರೀಕ್ಷೆ ಬೀದಿಯಲ್ಲಿದೆ.

ವ್ಯಾಪ್ತಿ ಪರೀಕ್ಷೆಗೆ ಪ್ರದೇಶವನ್ನು ಸಮಾನ ಚೌಕಗಳಾಗಿ ವಿಭಾಗಿಸಿ, ಪ್ರತಿ ಚೌಕದಲ್ಲೂ ಯಾದೃಚ್ಛಿಕವಾಗಿ ಆರಿಸಿದ ಜಾಗದಲ್ಲಿ ಅಳತೆ ತೆಗೆಯುತ್ತಾರೆ. ನಿಜವಾದ ವ್ಯಾಪ್ತಿ ಶೇ 95ರ ಆಸುಪಾಸಿನಲ್ಲಿದ್ದು, ಫಲಿತಾಂಶ ಶೇ 2ರ ಅಂಚಿನೊಳಗೆ ಶೇ 95ರಷ್ಟು ಖಚಿತವಾಗಿರಬೇಕಾದರೆ ಸುಮಾರು 460 ಚೌಕಗಳು ಬೇಕಾಗುತ್ತವೆ. ಐವತ್ತು ಜಾಗಗಳಲ್ಲಿ ಪರೀಕ್ಷಿಸಿ ‘ಶೇ 96’ ಎಂದು ಬರೆದ ವರದಿಗೆ ಸಂಖ್ಯಾಶಾಸ್ತ್ರದ ಬೆಂಬಲ ತೀರಾ ತೆಳುವಾದದ್ದು. ಪರೀಕ್ಷೆ ಎರಡು ಬಗೆಯದ್ದು. ವಾಹನದಲ್ಲಿಟ್ಟ ಯಂತ್ರ ಸಿಗ್ನಲ್ಲಿನ ಬಲವನ್ನೂ ಬಿಟ್ ದೋಷವನ್ನೂ ಸ್ವಯಂಚಾಲಿತವಾಗಿ ದಾಖಲಿಸುವುದು ಒಂದು. ಕಂಟ್ರೋಲ್ ರೂಮಿನಿಂದ ಒಬ್ಬರು, ಸ್ಥಳದಿಂದ ಇನ್ನೊಬ್ಬರು ವಾಕ್ಯಗಳನ್ನು ಓದಿ, ಕೇಳಿದವರು ಅಂಕ ಕೊಡುವುದು ಇನ್ನೊಂದು. ಎರಡೂ ಬೇಕು, ಎರಡೂ ದಿಕ್ಕಿನಲ್ಲಿ ಬೇಕು. ಅಂಕ ಕೊಡುವವರಲ್ಲಿ ಗುತ್ತಿಗೆದಾರರ ಸಿಬ್ಬಂದಿಯಷ್ಟೇ ಸಂಖ್ಯೆಯಲ್ಲಿ ನಿತ್ಯದ ಬಳಕೆದಾರರೂ ಇರಬೇಕು.

ಮರಗಳ ಎಲೆಗಳು ಸಿಗ್ನಲ್ಲನ್ನು ಹೀರುವುದರಿಂದ ಎಲೆಯುದುರಿದ ಕಾಲದಲ್ಲಿ ಮಾಡಿದ ಪರೀಕ್ಷೆ ಹಸಿರು ತುಂಬಿದ ಕಾಲದಲ್ಲಿ ಸುಳ್ಳಾಗುತ್ತದೆ. ಪರೀಕ್ಷೆಯ ಋತುವನ್ನು ಒಪ್ಪಂದದಲ್ಲೇ ಬರೆದಿಡುವುದು ಕ್ಷೇಮ. ಸೋತ ಚೌಕಗಳಲ್ಲಿ ಮರುಪರೀಕ್ಷೆ ಎಷ್ಟು ಸಲ ಎಂಬ ಮಿತಿಯನ್ನೂ ಹಾಕಬೇಕು. ಗೆಲ್ಲುವವರೆಗೆ ಮತ್ತೆ ಮತ್ತೆ ಅಳೆಯುವ ಅವಕಾಶವಿದ್ದರೆ ಪ್ರತಿ ಚೌಕವೂ ಒಂದಲ್ಲ ಒಂದು ದಿನ ಗೆದ್ದೇ ಗೆಲ್ಲುತ್ತದೆ.

ಹಂತ 10: ತರಬೇತಿ ಮತ್ತು ಹೊಸ ಜಾಲಕ್ಕೆ ಬದಲಾವಣೆ

2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರಿನಲ್ಲಿ ಅಗ್ನಿಶಾಮಕರ ರೇಡಿಯೊಗಳಿಗೆಂದೇ ಅಳವಡಿಸಿದ್ದ ರಿಪೀಟರ್ (ದುರ್ಬಲ ಸಿಗ್ನಲ್ಲನ್ನು ಹಿಡಿದು ಬಲಪಡಿಸಿ ಮರುಪ್ರಸಾರ ಮಾಡುವ ಉಪಕರಣ) ಇತ್ತು. ಅದನ್ನು ಬಳಸಲು ಲಾಬಿಯ ಫಲಕದಲ್ಲಿ ಎರಡು ಬಟನ್ ಒತ್ತಬೇಕಿತ್ತು, ಉತ್ತರ ಗೋಪುರದಲ್ಲಿ ಎರಡನೆಯ ಬಟನ್ ಒತ್ತಿರಲಿಲ್ಲ. ಪರೀಕ್ಷಿಸಿ ನೋಡಿದ ಅಧಿಕಾರಿಗಳು ರಿಪೀಟರ್ ಕೆಟ್ಟಿದೆಯೆಂದು ಭಾವಿಸಿ ಆ ಗೋಪುರದಲ್ಲಿ ಅದನ್ನು ಬಿಟ್ಟರು ಎಂದು ತನಿಖಾ ಆಯೋಗ ದಾಖಲಿಸಿದೆ. ಉಪಕರಣ ಕೆಟ್ಟಿರಲಿಲ್ಲ. ತರಬೇತಿಯನ್ನು ಬಜೆಟ್ಟಿನ ಕೊನೆಯ ಸಾಲಿಗೆ ತಳ್ಳುವವರು ಈ ಪ್ರಕರಣವನ್ನು ಓದಬೇಕು.

ತರಬೇತಿ ಬದಲಾವಣೆಯ ದಿನಕ್ಕೆ ಹತ್ತಿರವಿರಬೇಕು, ಬಹಳ ಮುಂಚೆ ಕೊಟ್ಟರೆ ಮರೆತುಹೋಗುತ್ತದೆ. ಎಲ್ಲ ಪಾಳಿಗಳಿಗೂ ತಲುಪಬೇಕು, ಕೈಯಲ್ಲಿ ಸೆಟ್ಟು ಹಿಡಿದು ನಡೆಯಬೇಕು. ಬದಲಾವಣೆಯನ್ನು ಒಂದೇ ರಾತ್ರಿ ಎಲ್ಲ ಇಲಾಖೆಗಳಿಗೂ ಮಾಡದೆ, ಕಡಿಮೆ ಅಪಾಯದ ವಿಭಾಗದಿಂದ ಆರಂಭಿಸಿ ಒಂದೊಂದಾಗಿ ತರುವುದು ಒಳಿತು. ನಡುವಿನ ಅವಧಿಯಲ್ಲಿ ಹಳೆಯ ಮತ್ತು ಹೊಸ ಜಾಲಗಳನ್ನು ಗೇಟ್‌ವೇ ಮೂಲಕ ಜೋಡಿಸಿಟ್ಟರೆ ಆ ಕಡೆಯವರೂ ಈ ಕಡೆಯವರೂ ಮಾತಾಡಬಹುದು. ಯಾವ ಲಕ್ಷಣ ಕಂಡರೆ ಹಿಂದಕ್ಕೆ ಹೋಗಬೇಕು, ಆ ತೀರ್ಮಾನ ಯಾರದ್ದು ಎಂಬುದು ಆ ರಾತ್ರಿಗೆ ಮೊದಲೇ ಲಿಖಿತವಾಗಿರಬೇಕು. ಹಬ್ಬ, ಚುನಾವಣೆ, ಬಿರುಗಾಳಿಯ ಕಾಲಗಳಲ್ಲಿ ಬದಲಾವಣೆಗೆ ಕೈಹಾಕಬಾರದು.

ಹಂತ 11: ನಿರ್ವಹಣೆ ಮತ್ತು ಹಳೆಯದರ ವಿಲೇವಾರಿ

ಅಂಗೀಕಾರದ ಪರೀಕ್ಷೆಯಲ್ಲಿ ದಾಖಲಿಸಿದ ಅಂಕಿಗಳನ್ನು ಜೋಪಾನವಾಗಿಟ್ಟು, ಪ್ರತಿ ವರ್ಷ ಅದೇ ಜಾಗಗಳಲ್ಲಿ ಮರಳಿ ಅಳೆಯಬೇಕು. ಹೊಸ ಕಟ್ಟಡಗಳು ಏಳುತ್ತವೆ, ಕನೆಕ್ಟರಿನೊಳಗೆ ನೀರು ಇಳಿಯುತ್ತದೆ, ಇವನ್ನು ಸಿಬ್ಬಂದಿಯ ದೂರು ಬರುವ ಮೊದಲೇ ಹಿಡಿಯಲು ಇದೇ ದಾರಿ. ಸೆಟ್ಟುಗಳ ಬ್ಯಾಟರಿಗೆ ಬದಲಾವಣೆಯ ವೇಳಾಪಟ್ಟಿ ಇರಬೇಕು, ಪಾಳಿಯ ನಡುವೆ ಸೆಟ್ಟು ಸಾಯುವುದಕ್ಕೆ ಕಾಯಬಾರದು. ಜನರೇಟರನ್ನು ಖಾಲಿ ಓಡಿಸಿ ‘ಸರಿಯಾಗಿದೆ’ ಎಂದು ಬರೆಯುವುದು ಸಾಲದು, ನಿಜವಾದ ಹೊರೆ ಹಾಕಿ ಓಡಿಸಬೇಕು.

ಹಳೆಯ ಜಾಲವನ್ನು ಎಲ್ಲ ಇಲಾಖೆಗಳ ಒಪ್ಪಿಗೆ ಬಂದ ಮೇಲೆಯೇ ಮುಚ್ಚಬೇಕು. ಆಗ ಪರವಾನಗಿಗಳನ್ನು ವಾಪಸು ಮಾಡುವುದು ಅಥವಾ ತುರ್ತು ಮೀಸಲಿಗೆ ಉಳಿಸಿಕೊಳ್ಳುವುದು, ಬಾಡಿಗೆ ಜಾಗಗಳನ್ನು ತೆರವು ಮಾಡುವುದು, ಟವರಿನ ಮೇಲೆ ಸತ್ತ ಆಂಟೆನಾಗಳನ್ನು ಇಳಿಸಿ ಭಾರ ಕಡಿಮೆ ಮಾಡುವುದು ಇವೆಲ್ಲ ಬಾಕಿ ಇರುತ್ತವೆ. ಹಳೆಯ ಸೆಟ್ಟುಗಳನ್ನು ಹರಾಜಿಗೆ ಹಾಕುವ ಮೊದಲು ಪ್ರತಿಯೊಂದರ ಕೀಲಿ, ಚಾನೆಲ್ಲುಗಳು ಮತ್ತು ಗುರುತಿನ ಸಂಖ್ಯೆಗಳನ್ನು ಅಳಿಸಿ, ಅಳಿಸಿದವರು ಸರಣಿ ಸಂಖ್ಯೆಯ ಎದುರು ಸಹಿ ಹಾಕಬೇಕು. ಪಟ್ಟಿಯಲ್ಲಿದ್ದೂ ಕೈಗೆ ಸಿಗದ ಸೆಟ್ಟುಗಳನ್ನು ಜಾಲದಲ್ಲಿ ಶಾಶ್ವತವಾಗಿ ನಿರ್ಬಂಧಿಸಿ, ಅವುಗಳಲ್ಲಿದ್ದ ಕೀಲಿಗಳು ಹೊಸ ಜಾಲದಲ್ಲೂ ಬಳಕೆಯಲ್ಲಿದ್ದರೆ ಅದೇ ದಿನ ಬದಲಿಸಬೇಕು.